ಕ್ರೋಮ್, ಬ್ರಶ್ಡ್ ನಿಕ್ಕಲ್, ಮ್ಯಾಟ್ ಬ್ಲ್ಯಾಕ್, ಸ್ಟೀಲ್: ಯಾವ ನಲ್ಲಿ ಒರೆಸೋದು ಸುಲಭ?

ನಮ್ಮ ಮನೆಯಲ್ಲಿ ನಾಲ್ಕು ಥರದ ನಲ್ಲಿಗಳಿವೆ. ಬಚ್ಚಲಲ್ಲಿ ಕ್ರೋಮ್, ಅಡುಗೆಮನೆ ಸಿಂಕಿಗೆ ಬ್ರಶ್ಡ್ ನಿಕ್ಕಲ್, ಕೈ ತೊಳೆಯುವ ಬೇಸಿನ್ನಿಗೆ ಮ್ಯಾಟ್ ಬ್ಲ್ಯಾಕ್, ಬಟ್ಟೆ ಒಗೆಯುವ ಕಡೆ ಸ್ಟೇನ್‌ಲೆಸ್ ಸ್ಟೀಲ್. ಒಂದೊಂದನ್ನು ಒಂದೊಂದು ಸಲ ಹಾಕಿಸಿದ್ದರಿಂದ ಹೀಗಾಗಿದೆ. ಆದರೆ ನಾಲ್ಕಕ್ಕೂ ಬರುವುದು ಒಂದೇ ನೀರು, ಒರೆಸುವುದು ಒಂದೇ ಕೈ. ಅದಕ್ಕೇ ಧೈರ್ಯವಾಗಿ ಹೋಲಿಸಿ ಹೇಳುತ್ತಿದ್ದೇನೆ.

ಮೊದಲು ಒಂದು ವಿಷಯ. ನಲ್ಲಿ ಮೇಲೆ ಕಾಣುವ ಬಿಳಿ ಕಲೆ ಕೊಳೆಯಲ್ಲ, ನೀರಲ್ಲೇ ಇರುವ ಸುಣ್ಣದಂಶ. ಹನಿ ಆರಿಹೋಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರ ಅಲ್ಲೇ ಕೂತುಬಿಡುತ್ತದೆ. ಲೀಟರಿಗೆ 180 ಮಿಲಿಗ್ರಾಂಗಿಂತ ಜಾಸ್ತಿ ಇದ್ದರೆ ಅದನ್ನು ತುಂಬಾ ಗಡಸು ನೀರು ಅಂತಾರೆ. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದಾಗ ನಮ್ಮ ನೀರು ಆ ಗೆರೆ ದಾಟಿತ್ತು. ನಿಮ್ಮ ನೀರು ಮೆದುವಾಗಿದ್ದರೆ ಕೆಳಗೆ ಬರೆದಿರುವ ಅರ್ಧ ಕಷ್ಟ ನಿಮಗಿಲ್ಲ, ಆಸೆಪಟ್ಟ ಬಣ್ಣ ತಗೊಳ್ಳಿ.

ಹೋಲಿಸುವುದಕ್ಕೆಂದೇ ಒಂದು ವಾರ ನಾಲ್ಕನ್ನೂ ಒರೆಸದೆ ಬಿಟ್ಟೆ. ಎಂಟನೇ ದಿನ ನೋಡಿದರೆ ಅತಿ ಗಲೀಜಾಗಿ ಕಂಡದ್ದು ಕಪ್ಪು ನಲ್ಲಿ, ಆಮೇಲೆ ಕ್ರೋಮ್. ನಿಕ್ಕಲ್ ಮಾತ್ರ ನಿನ್ನೆಯಷ್ಟೇ ಒರೆಸಿದ ಹಾಗಿತ್ತು. ಒರೆಸಲು ಕೂತಾಗ ಲೆಕ್ಕವೇ ಬೇರೆಯಾಯಿತು.

ಕ್ರೋಮ್ ಒಂದೇ ಸಲಕ್ಕೆ ಫಳಫಳ ಅಂದಿತು. ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ, ಅಷ್ಟೇ. ಅದರ ಮೈ ಕನ್ನಡಿಯಷ್ಟು ನುಣುಪು, ಜೊತೆಗೆ ಗಟ್ಟಿ, ಹಾಗಾಗಿ ಸುಣ್ಣಕ್ಕೆ ಹಿಡಿದುಕೊಳ್ಳಲು ಜಾಗವೇ ಇಲ್ಲ. ಬೆರಳಿನ ಗುರುತು, ಹನಿ ಎಲ್ಲ ಕಾಣುತ್ತದೆ ಅನ್ನುವುದು ನಿಜ. ಆದರೆ ಕಂಡದ್ದು ಹೋಗುತ್ತದೆ ಅಲ್ವಾ, ನನಗೆ ಅದೇ ಮುಖ್ಯ. ಬುಡದಲ್ಲಿ ಹಳೇ ಸುಣ್ಣ ಕಟ್ಟಿದ್ದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಟಿಶ್ಯೂ ನೆನೆಸಿ ಸುತ್ತಿ, ಐದು ನಿಮಿಷ ಬಿಟ್ಟು ಚೆನ್ನಾಗಿ ತೊಳೆದರೆ ಮೆತ್ತಗಾಗಿ ಬಿಡುತ್ತದೆ. ಕ್ರೋಮಿಗೆ ನಿಜವಾದ ಶತ್ರು ಟಾಯ್ಲೆಟ್ ತೊಳೆಯುವ ಆಸಿಡ್. ಅದರಲ್ಲಿ ಸಾಮಾನ್ಯವಾಗಿ ಇರುವ ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮನ್ನೇ ಕರಗಿಸುತ್ತದೆ. ನಮ್ಮ ಬಚ್ಚಲ ನಲ್ಲಿಯ ಮೇಲೆ ಒಮ್ಮೆ ಎರಡು ಹನಿ ಸಿಡಿದಿತ್ತು, ಆ ಜಾಗ ಇವತ್ತಿಗೂ ಮಂಕಾಗಿದೆ. ಎಷ್ಟು ಒರೆಸಿದರೂ ಹೊಳಪು ವಾಪಸ್ ಬರಲಿಲ್ಲ. ಕ್ರೋಮಿನ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಹೋದರೆ ಹೋಯಿತು.

ಬ್ರಶ್ಡ್ ನಿಕ್ಕಲ್ ಮೇಲೆ ಕೂದಲೆಳೆಯಂಥ ಗೆರೆಗಳಿರುತ್ತವೆ. ಬೆಳಕು ಅಲ್ಲಿ ಚದುರಿಹೋಗುವುದರಿಂದ ಹನಿಯ ಅಂಚು ಕಣ್ಣಿಗೆ ಬೀಳುವುದಿಲ್ಲ. ಅಡುಗೆ ಮಾಡುವಾಗ ಎಣ್ಣೆ ಕೈಯಲ್ಲೋ ಹಿಟ್ಟಿನ ಕೈಯಲ್ಲೋ ಹತ್ತಾರು ಸಲ ಮುಟ್ಟುವ ನಲ್ಲಿ ಅದು, ಹಾಗಿದ್ದೂ ಮೂರು ನಾಲ್ಕು ದಿನ ಒರೆಸದಿದ್ದರೂ ಬಂದವರ ಮುಂದೆ ಮುಜುಗರವಾಗುವುದಿಲ್ಲ. ಆದರೆ ಹಿಡಿಯ ಕೆಳಗೆ ಬೆರಳಾಡಿಸಿ ನೋಡಿ, ಅಂಟು ಅಂಟು. ಗೆರೆಗಳ ಒಳಗೆ ಜಿಡ್ಡು ಕೂತಿರುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಸೋಪು, ಬಿಸಿ ನೀರು ಬೇಕು, ಎರಡು ಸಲ ಒರೆಸಬೇಕು. ಗೆರೆ ಹೋದ ದಿಕ್ಕಿನಲ್ಲೇ ಒರೆಸಿ. ಅಡ್ಡಡ್ಡ ಉಜ್ಜಿ ಗೀರು ಬಿದ್ದರೆ ಎದ್ದು ಕಾಣುತ್ತದೆ. ವಿನೆಗರನ್ನು ನಾನು ಇದಕ್ಕೆ ಹಚ್ಚುವುದೇ ಇಲ್ಲ. ಹುಳಿಗೆ ನಿಕ್ಕಲ್ ಬೇಗ ಕಲೆಯಾಗುತ್ತದೆ.

ಈಗ ಕಪ್ಪು. ತುಂಬಾ ಇಷ್ಟಪಟ್ಟು ತಂದಿದ್ದೆ, ಮೊದಲ ವಾರವಂತೂ ಹೋಗಿ ಹೋಗಿ ನೋಡುತ್ತಿದ್ದೆ. ಆಮೇಲೆ ಬಾಯಿಯ ಸುತ್ತ ಒಂದು ಬಿಳಿ ಉಂಗುರ ಶುರುವಾಯಿತು. ಸೋಪಿನ ನೊರೆ, ಪೇಸ್ಟಿನ ಹನಿ, ಸುಣ್ಣ, ಎಲ್ಲವೂ ಬಿಳಿ, ನಲ್ಲಿ ಮಾತ್ರ ಕಪ್ಪು, ಹಾಗಾಗಿ ಇರುವುದಕ್ಕಿಂತ ಎರಡು ಪಟ್ಟು ಕಾಣುತ್ತದೆ. ಕ್ರೋಮಿನ ಹಾಗೆ ಸುಲಭವಾಗಿ ಬಿಡುವುದೂ ಇಲ್ಲ. ಮ್ಯಾಟ್ ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ತರಿತರಿ ಮೈ, ಸುಣ್ಣ ಆ ತರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತಾಳ್ಮೆಗೆಟ್ಟು ಹಸಿರು ಸ್ಕ್ರಬ್ಬರ್ ಹಾಕಿದರೆ ಇನ್ನೊಂದು ತೊಂದರೆ: ತರಿ ಸವೆದು ಆ ಜಾಗ ಮಾತ್ರ ಮಿರುಗತೊಡಗುತ್ತದೆ, ಅದನ್ನು ಮತ್ತೆ ಮ್ಯಾಟ್ ಮಾಡಲು ದಾರಿಯಿಲ್ಲ. ನಮ್ಮದರಲ್ಲಿ ಹಿಡಿಯ ಪಕ್ಕ ಅಂಥದ್ದೊಂದು ಪಟ್ಟೆ ಇದೆ. ಸ್ವಲ್ಪ ಎಣ್ಣೆ ಸವರಿದರೆ ಕಲೆ ಮುಚ್ಚುತ್ತದೆ ಅಂತ ಅದನ್ನೂ ಮಾಡಿ ನೋಡಿದೆ. ಒಂದು ದಿನ ಚೆನ್ನಾಗಿತ್ತು, ಮಾರನೇ ದಿನ ಅದಕ್ಕೆ ಧೂಳು ಹಿಡಿಯಿತು. ವಾರದ ಆ ಪರೀಕ್ಷೆಯಲ್ಲಿ ಮೂರು ಸಲ ಒರೆಸಿದ ಮೇಲೂ ತೆಳುವಾದ ಬಿಳಿ ನೆರಳು ಉಳಿದಿತ್ತು.

ಕಪ್ಪೇ ಬೇಕು ಅನ್ನುವವರು ಅಂಗಡಿಯಲ್ಲಿ ಒಂದು ಮಾತು ಕೇಳಿ: ಇದು ಪೇಂಟೋ, ಪೌಡರ್ ಕೋಟಿಂಗೋ, ಪಿವಿಡಿಯೋ? ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ. ಪಿವಿಡಿಯಲ್ಲಿ ಲೋಹವನ್ನು ನಿರ್ವಾತದಲ್ಲಿ ಆವಿ ಮಾಡಿ ನಲ್ಲಿಯ ಮೇಲೆ ಕೂರಿಸುತ್ತಾರೆ, ಅದು ಪೇಂಟಿಗಿಂತ ಎಷ್ಟೋ ಗಟ್ಟಿ, ಬೇಗ ಗೀರುವುದಿಲ್ಲ. ಆದರೆ ಬಿಳಿ ಕಲೆ ಅದರ ಮೇಲೂ ಅಷ್ಟೇ ಕಾಣುತ್ತದೆ, ಆ ವಿಷಯದಲ್ಲಿ ಯಾವ ಲಾಭವೂ ಇಲ್ಲ.

ಸ್ಟೀಲಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಮೇಲಿಂದ ಒಳಗಿನ ತನಕ ಒಂದೇ ಲೋಹ, ಏಳುವುದಕ್ಕೆ ಪದರವೇ ಇಲ್ಲ. ನಿಕ್ಕಲ್ ಥರವೇ ಗೆರೆ ಇರುವ ಸ್ಟೀಲ್ ತಗೊಂಡರೆ ಕಲೆಯೂ ಅಷ್ಟಾಗಿ ಕಾಣುವುದಿಲ್ಲ. ಬ್ಲೀಚ್ ಬಿದ್ದರೆ ತಕ್ಷಣ ತೊಳೆಯಿರಿ, ಬಿಟ್ಟರೆ ಸಣ್ಣ ಸಣ್ಣ ತೂತು ಬೀಳುತ್ತದೆ. ಕಬ್ಬಿಣದ ನಾರಲ್ಲಿ ಉಜ್ಜಬೇಡಿ, ಅದರ ಚೂರುಗಳು ಅಂಟಿಕೊಂಡು ತುಕ್ಕಿನ ಚುಕ್ಕೆ ಬರುತ್ತದೆ.

ಬಣ್ಣದಷ್ಟೇ ಆಕಾರವೂ ಮುಖ್ಯ. ಬುಡದಲ್ಲಿ ಸುತ್ತು ಕೆತ್ತನೆ, ಮೂಲೆ, ಸಂದು ಇದ್ದರೆ ಯಾವ ಫಿನಿಶ್ ಆದರೂ ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಕೂರಬೇಕು. ಉದ್ದ ಕತ್ತು, ಒಂದೇ ಹಿಡಿ, ನುಣುಪಾದ ಬುಡ ಇರುವುದನ್ನು ನೋಡಿ ತಗೊಳ್ಳಿ.

ನಾನು ಬೇಸಿನ್ನಿನ ಕಪ್ಪು ನಲ್ಲಿ ತೆಗೆಸಿ ಕ್ರೋಮ್ ಹಾಕಿಸುತ್ತಿದ್ದೇನೆ. ಅಲ್ಲಿ ಕೈ ಒರೆಸುವ ಟವೆಲ್ ಪಕ್ಕದಲ್ಲೇ ಇರುತ್ತದೆ, ಬೆಳಿಗ್ಗೆ ಮುಖ ತೊಳೆದವರು ಹಾಗೇ ಒಮ್ಮೆ ಸವರಿದರೆ ಸಾಕು. ಅಡುಗೆಮನೆಯ ನಿಕ್ಕಲ್ ಅಲ್ಲೇ ಇರಲಿ, ವಾರಕ್ಕೆರಡು ಸಲ ಸೋಪು ಹಾಕಿ ಒರೆಸುತ್ತೇನೆ.