ಪಕ್ಕದ ಮನೆ ಗ್ಯಾರಿಯವರ ಹೆಸರಿನ ಜಾಡು ಹಿಡಿದುಕೊಟ್ಟ ವೆಬ್‌ಸೈಟ್

ಮಗಳ ಬಾಣಂತನಕ್ಕೆ ಅಂತ ನ್ಯೂಜೆರ್ಸಿಗೆ ಬಂದೆ. ಮಗುವಿಗೆ ಹೆಸರು ಹುಡುಕುವಾಗ ಅಳಿಯಂದಿರು ಅಮೆರಿಕದಲ್ಲಿ ಪಿಂಚಣಿ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ, ಮಕ್ಕಳ ಹೆಸರುಗಳ ವೆಬ್‌ಸೈಟ್ ತೋರಿಸಿದರು. ಮೊಮ್ಮಗನಿಗೆ ಹೆಸರಿಟ್ಟಾಯಿತು. ನಾನಿನ್ನೂ ಅದನ್ನು ಬಿಟ್ಟಿಲ್ಲ.

ಅದಕ್ಕೆ ಕಾರಣ ಪಕ್ಕದ ಮನೆಯ ಗ್ಯಾರಿಯವರು. 1952ರಲ್ಲಿ ಹುಟ್ಟಿದವರು. ಅವರ ಕ್ಲಾಸಿನಲ್ಲಿ ನಾಲ್ಕು ಜನ ಗ್ಯಾರಿಗಳಿದ್ದರಂತೆ. ಮೊಮ್ಮಕ್ಕಳ ಶಾಲೆಯಲ್ಲಿ ಈಗ ಒಬ್ಬನೂ ಇಲ್ಲವಂತೆ. ನಮ್ಮ ಕಾಲದ ನಾಗರಾಜ, ಮಂಜುನಾಥರ ಕಥೆಯೂ ಇದೇ ಅಲ್ವಾ!

ಬಳಸೋದು ಸುಲಭ. ಹೆಸರು ಟೈಪ್ ಮಾಡಿ, ಗಂಡೋ ಹೆಣ್ಣೋ ಹೇಳಿದರೆ ಸಾಕು, ಯಾವ ವರ್ಷ ಎಷ್ಟನೇ ಸ್ಥಾನ ಅಂತ ಪಟ್ಟಿ ಬರುತ್ತದೆ. ದುಡ್ಡು ಕೊಡಬೇಕಿಲ್ಲ. 1880ರಿಂದಲೂ ಲೆಕ್ಕ ಇದೆ. ಗ್ಯಾರಿ ಅನ್ನೋ ಹೆಸರು ಮೊದಮೊದಲು ತೀರಾ ಅಪರೂಪ. 1930ರ ದಶಕದಲ್ಲಿ ಸರಸರ ಮೇಲೇರಿ, 1950ರ ದಶಕದಲ್ಲಿ ಮೊದಲ 20ರೊಳಗೆ ಬಂದು ಕೂರುತ್ತದೆ. ಆಮೇಲೆ ಇಳಿದದ್ದೇ ಇಳಿದದ್ದು. ಈಗ ಮೊದಲ ನೂರರಲ್ಲೂ ಇಲ್ಲ.

ಈ ಹೆಸರು ಹಾಗೆ ಮೇಲೇರಿದ್ದು ಯಾಕೆ ಅಂತ ಮಾತ್ರ ವೆಬ್‌ಸೈಟ್ ಹೇಳೋದಿಲ್ಲ. ಅದನ್ನು ಬೇರೆ ಕಡೆ ಓದಿ ತಿಳಿದುಕೊಂಡೆ. ಎಲ್ಬರ್ಟ್ ಗ್ಯಾರಿ ಅನ್ನುವವರು ಉಕ್ಕಿನ ಕಂಪನಿಯೊಂದರ ಮುಖ್ಯಸ್ಥರು. 1906ರಲ್ಲಿ ಆ ಕಂಪನಿ ಇಂಡಿಯಾನಾದಲ್ಲಿ ಕಟ್ಟಿದ ಊರಿಗೆ ಅವರ ಮನೆತನದ ಹೆಸರನ್ನೇ ಇಟ್ಟರು. ಮೈಕಲ್ ಜಾಕ್ಸನ್ ಹುಟ್ಟಿದ್ದು ಅದೇ ಊರಲ್ಲಿ. ಫ್ರಾಂಕ್ ಕೂಪರ್ ಎಂಬ ಹುಡುಗ ಸಿನಿಮಾ ಸೇರಲು ಬಂದಾಗ ಅದೇ ಹೆಸರಿನವರು ಮೊದಲೇ ಇದ್ದರು. ಆ ಊರಿನವರೇ ಆಗಿದ್ದ ಏಜೆಂಟ್ ಒಬ್ಬರು ‘ಗ್ಯಾರಿ’ ಅಂತ ಇಟ್ಟುಕೋ ಅಂದರು. ಅವನೇ ಮುಂದೆ ಹಾಲಿವುಡ್‌ನ ಹೆಸರಾಂತ ನಟ ಗ್ಯಾರಿ ಕೂಪರ್ ಆದ. ಒಬ್ಬರ ಮನೆತನದ ಹೆಸರು ಊರಿಗೆ, ಊರಿನ ಹೆಸರು ನಟನಿಗೆ, ನಟನ ಹೆಸರು ಸಾವಿರಾರು ತೊಟ್ಟಿಲುಗಳಿಗೆ!

ಬಳಸುವವರಿಗೆ ಎರಡು ಮಾತು. ಒಂದೇ ಹೆಸರಿನ ಸ್ಪೆಲಿಂಗ್ ಬೇರೆಯಾದರೆ ಇಲ್ಲಿ ಬೇರೆ ಹೆಸರು ಅಂತಲೇ ಲೆಕ್ಕ. ಇಂಗ್ಲಿಷಿನ ‘ಆರ್’ ಒಂದಿದ್ದರೆ ಒಂದು ಗ್ಯಾರಿ, ಎರಡಿದ್ದರೆ ಇನ್ನೊಂದು. ಜೊತೆಗೆ, ಇದೆಲ್ಲ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಅರ್ಜಿಗಳಿಂದ ತೆಗೆದ ಲೆಕ್ಕ. 1937ಕ್ಕೆ ಮೊದಲು ಹುಟ್ಟಿದ ಎಷ್ಟೋ ಜನ ಅರ್ಜಿಯನ್ನೇ ಹಾಕಿರಲಿಲ್ಲ. ಹಾಗಾಗಿ ಹಳೆಯ ಅಂಕಿಗಳನ್ನು ಪೂರ್ತಿ ಅಂದುಕೊಳ್ಳಬೇಡಿ.

ಇಷ್ಟಿದ್ದರೂ ನಾನು ಐದಕ್ಕೆ ಐದು ಕೊಡುತ್ತೇನೆ. ನಮ್ಮಲ್ಲೂ ಇಂಥದ್ದೊಂದು ಇದ್ದಿದ್ದರೆ ನಾಗರಾಜ ಅನ್ನೋ ಹೆಸರನ್ನೇ ಮೊದಲು ಹುಡುಕುತ್ತಿದ್ದೆ, ನಮ್ಮಣ್ಣನ ಹೆಸರದು.

ಮೊನ್ನೆ ಆ ಪಟ್ಟಿಯನ್ನು ಪ್ರಿಂಟ್ ತೆಗೆದು, ಚಕ್ಕುಲಿ ಡಬ್ಬಿಯ ಜೊತೆ ಗ್ಯಾರಿಯವರಿಗೆ ಕೊಟ್ಟು ಬಂದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಕೆಳಗಿಳಿಸುತ್ತಾ 1952ರ ಸಾಲಿಗೆ ಬಂದು ನಿಲ್ಲಿಸಿದರು. ಅವರಮ್ಮನಿಗೆ ಕೂಪರ್ ಸಿನಿಮಾ ಅಂದರೆ ಪ್ರಾಣವಂತೆ.