ದುಂಡು ಲೂಮಿನ ಹೆಣಿಗೆ: ಮೂರು ಚಳಿಗಾಲಗಳ ಬಳಕೆಯ ನಂತರ

ಎರಡು ಕಡ್ಡಿ ಹಿಡಿದು ಹೆಣಿಗೆ ಕಲಿಯಲು ನಾನು ಎರಡು ಬಾರಿ ಹೊರಟಿದ್ದೆ. ಎರಡು ಬಾರಿಯೂ ಕುಣಿಕೆಗಳು ಕಡ್ಡಿಯಿಂದ ಜಾರಿ ಹತ್ತು ಸಾಲು ಮುಗಿಯುವ ಮೊದಲೇ ಕೆಲಸ ನಿಂತುಹೋಯಿತು. ಮೂರು ವರ್ಷಗಳ ಹಿಂದೆ ಪ್ಲಾಸ್ಟಿಕ್ಕಿನ ನಾಲ್ಕು ದುಂಡು ಲೂಮ್‌ಗಳೂ ಒಂದು ಕೊಕ್ಕೆಯೂ ಇರುವ ಸೆಟ್ ಕೊಂಡೆ. ಲೂಮ್ ಎಂದರೆ ಸುತ್ತಲೂ ಗೂಟಗಳು ನಿಂತಿರುವ, ಬಳೆಯಂಥ ಚೌಕಟ್ಟು; ನನ್ನ ನಾಲ್ಕರಲ್ಲಿ ಕ್ರಮವಾಗಿ 24, 30, 36 ಮತ್ತು 40 ಗೂಟಗಳಿವೆ.

ಗೂಟಕ್ಕೆ ಉಲ್ಲನ್ ನೂಲನ್ನು ಒಂದು ಸುತ್ತು ಸುತ್ತಿ, ಅದರ ಮೇಲೆ ಇನ್ನೊಂದು ಸುತ್ತು ಹಾಕಿ, ಕೆಳಗಿನ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿ ಗೂಟದ ತಲೆ ದಾಟಿಸಿ ಒಳಕ್ಕೆ ಬಿಡುವುದೇ ಇಲ್ಲಿನ ಮುಖ್ಯ ಕೆಲಸ. ಪ್ರತಿ ಕುಣಿಕೆಗೂ ಅದರದೇ ಗೂಟ ಇರುವುದರಿಂದ, ಒಲೆಯ ಮೇಲಿನ ಹಾಲು ನೋಡಲು ನಡುವೆ ಎದ್ದುಹೋದರೂ ಹೆಣಿಗೆ ಬಿಚ್ಚುವುದಿಲ್ಲ. 36 ಗೂಟಗಳ ಲೂಮಿನಲ್ಲಿ ನನ್ನ ಮೊದಲ ಟೋಪಿ ಎರಡು ಸಂಜೆಗಳಲ್ಲಿ ಮುಗಿಯಿತು. ಆರಂಭದ ಅಂಚನ್ನು ಒಳಗಿನಿಂದ ಮೇಲೆತ್ತಿ ಮತ್ತೆ ಗೂಟಗಳಿಗೆ ಸಿಕ್ಕಿಸಿ ಹೆಣೆದರೆ ಕಿವಿಯ ಮೇಲೆ ಎರಡು ಪದರದ ಪಟ್ಟಿ ಬರುತ್ತದೆ. ಕೊನೆಯಲ್ಲಿ ನೂಲನ್ನು ಎಲ್ಲ ಕುಣಿಕೆಗಳೊಳಗೆ ಪೋಣಿಸಿ ಎಳೆದರೆ ನೆತ್ತಿ ಮುಚ್ಚಿಕೊಳ್ಳುತ್ತದೆ. ಆ ಎಳೆತದಲ್ಲಿ ಕೊಳವೆಯಂತಿದ್ದದ್ದು ಟೋಪಿಯಾದ ಕ್ಷಣ ನನಗೆ ಇಂದಿಗೂ ಪ್ರಿಯವಾದದ್ದು.

ಮಿತಿಗಳು ಎರಡನೆಯ ವರ್ಷದಲ್ಲಿ ತಿಳಿದವು. ಗೂಟಗಳ ನಡುವಿನ ಅಂತರ ಬದಲಾಗದ ಕಾರಣ, ನಮ್ಮಲ್ಲಿ ಸುಲಭವಾಗಿ ಸಿಗುವ ತೆಳು ಅಕ್ರಿಲಿಕ್ ನೂಲನ್ನು ಒಂದೇ ಎಳೆಯಾಗಿ ಹಾಕಿದರೆ ಹೆಣಿಗೆ ಬಲೆಯಂತಾಗುತ್ತದೆ. ನಾನು ಯಾವಾಗಲೂ ಎರಡೆಳೆ ಸೇರಿಸುತ್ತೇನೆ, ಹೀಗಾಗಿ ನೂಲಿನ ಖರ್ಚೂ ಹೆಚ್ಚು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಗೂಟವನ್ನು ಪೂರ್ತಿ ಸುತ್ತಿ ಹೆಣೆದಾಗ ಪ್ರತಿ ಕುಣಿಕೆಯೂ ಬುಡದಲ್ಲಿ ತಿರುಚಿಕೊಳ್ಳುತ್ತದೆ, ಆದ್ದರಿಂದ ಅದು ಕಡ್ಡಿಯ ಸಾದಾ ಹೆಣಿಗೆಯಂತೆ ಕಾಣುವುದಿಲ್ಲ. ನೂಲನ್ನು ಸುತ್ತದೆ ಗೂಟದ ಮುಂದೆ ಅಡ್ಡಲಾಗಿ ಇಟ್ಟು, ಕೆಳಗಿನ ಕುಣಿಕೆಯನ್ನು ಅದರ ಮೇಲಿಂದ ದಾಟಿಸಿದರೆ ತಿರುಚಿಲ್ಲದ ಹೆಣಿಗೆ ಸಿಗುತ್ತದೆ, ಆದರೆ ಅದು ಬಹಳ ಬಿಗಿಯಾಗುವುದರಿಂದ ಹೊಸಬರ ಬೆರಳು ನೋಯುತ್ತದೆ. ಮಫ್ಲರ್ ಹೆಣೆದಾಗ ಅಂಚುಗಳು ಸುರುಳಿ ಸುತ್ತಿಕೊಂಡವು. ಅದನ್ನು ತಡೆಯಲು ಬೇಕಾದ ಉಲ್ಟಾ ಹೆಣಿಗೆಯಲ್ಲಿ ನೂಲನ್ನು ಕುಣಿಕೆಯ ಕೆಳಗಿಟ್ಟು, ಕೊಕ್ಕೆಯಿಂದ ಒಳಗಿನಿಂದ ಎಳೆದುಕೊಳ್ಳಬೇಕಾದ್ದರಿಂದ ಕೆಲಸ ತುಂಬ ನಿಧಾನವಾಗುತ್ತದೆ. ಒಂದು ಗೂಟವೂ ಮುರಿದಿದೆ.

ಕಳೆದ ಚಳಿಗಾಲದಲ್ಲಿ ಮತ್ತೆ ಕಡ್ಡಿ ಹಿಡಿದೆ. ಕುಣಿಕೆಯೊಳಗಿಂದ ಕುಣಿಕೆ ಹೇಗೆ ಬರುತ್ತದೆ ಎಂಬುದು ಕಣ್ಣಿಗೆ ಪರಿಚಿತವಾಗಿದ್ದರಿಂದ ಈ ಬಾರಿ ತಪ್ಪಿದ ಕುಣಿಕೆಯನ್ನು ನಾನೇ ಎತ್ತಿಕೊಂಡೆ; ನೂಲಿನ ಬಿಗಿಯನ್ನು ಬೆರಳಲ್ಲಿ ಹಿಡಿಯುವುದನ್ನು ಮಾತ್ರ ಮೊದಲಿನಿಂದ ಕಲಿಯಬೇಕಾಯಿತು, ಏಕೆಂದರೆ ಲೂಮಿನಲ್ಲಿ ಆ ಕೆಲಸದ ಹೆಚ್ಚಿನ ಪಾಲು ಗೂಟದ್ದು. ಟೋಪಿಗೂ ಮಗುವಿನ ಕುಲಾವಿಗೂ ನಾನು ಈಗಲೂ ಲೂಮನ್ನೇ ಬಳಸುತ್ತೇನೆ. ಕೊಳ್ಳುವವರು ಗೂಟಗಳ ಮೇಲೆ ಬೆರಳಾಡಿಸಿ ನೋಡಬೇಕು: ಅಚ್ಚಿನ ಒರಟು ಗೆರೆ ಉಳಿದಿದ್ದರೆ ನೂಲಿನ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಕೊಕ್ಕೆ ಇಳಿಸಲು ಗೂಟದಲ್ಲಿರುವ ತೋಡು ಆಳವಿಲ್ಲದಿದ್ದರೆ ಕುಣಿಕೆ ಎತ್ತುವುದೇ ಕಷ್ಟವಾಗುತ್ತದೆ.