ಯಾಸ್ಪರ್ಸ್ ಅವರ ‘ಜನರಲ್ ಸೈಕೋಪೆಥಾಲಜಿ’: ದುಡ್ಡು ಕೊಟ್ಟು ತರಿಸಬಹುದಾ?

ಮೊದಲ ಸಂಪುಟಕ್ಕೆ ಐದಕ್ಕೆ ಐದು. ಎರಡನೆಯದಕ್ಕೆ ಮೂರು ಕೊಟ್ಟರೆ ಜಾಸ್ತಿ.

ನಾನು ಮನೋರೋಗ ವಿಭಾಗದಲ್ಲಿ ಸೋಷಿಯಲ್ ವರ್ಕರ್. ಡಾಕ್ಟರ್ ನೋಡುವ ಮೊದಲು ಕೇಸ್ ಹಿಸ್ಟರಿ ಬರೆಯುವುದು ನನ್ನ ಕೆಲಸ. ಮನೋರೋಗದ ಲಕ್ಷಣಗಳನ್ನು ವಿವರಿಸುವ ಈ ಪುಸ್ತಕವನ್ನು ಜರ್ಮನ್ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ ಹೈಡೆಲ್‌ಬರ್ಗ್ ಮನೋರೋಗ ಕ್ಲಿನಿಕ್‌ನಲ್ಲಿದ್ದಾಗ ಜರ್ಮನ್‌ನಲ್ಲಿ ಬರೆದರು, ಬಂದದ್ದು 1913ರಲ್ಲಿ. ನನ್ನ ಹತ್ತಿರ ಇರುವುದು ಜಾನ್ಸ್ ಹಾಪ್ಕಿನ್ಸ್ ಪ್ರಕಾಶನ 1997ರಲ್ಲಿ ತಂದ ಎರಡು ಸಂಪುಟಗಳ ಪೇಪರ್‌ಬ್ಯಾಕ್. ಒಳಗಿನ ಇಂಗ್ಲಿಷ್ ಅನುವಾದ ಮಾತ್ರ 1963ರದ್ದೇ. ವಾಕ್ಯಗಳು ಉದ್ದುದ್ದ. ಮಧ್ಯಾಹ್ನ ಊಟ ಆದಮೇಲೆ ಹಿಡಿದರೆ ನಿದ್ದೆ ಗ್ಯಾರಂಟಿ.

ಆದರೂ ರೋಗಿಯ ಅನುಭವಗಳ ಮೊದಲ ಭಾಗ ಇದೆಯಲ್ಲ, ಅದಕ್ಕೆ ಸಾಟಿ ಇಲ್ಲ. ಕಾಯಿಲೆಯ ಕಾರಣ ಆಮೇಲೆ, ಮೊದಲು ಅವರಿಗೆ ಏನಾಗುತ್ತಿದೆ ಅಂತ ಕೇಳಿ ಅನ್ನುತ್ತಾರೆ. ಭ್ರಮೆ ಗಟ್ಟಿಯಾಗುವ ಮುಂಚಿನ ಸ್ಥಿತಿಗೆ ಒಬ್ಬ ರೋಗಿಯ ಉದಾಹರಣೆ ಕೊಡುತ್ತಾರೆ. ಕಾಫಿ ಹೋಟೆಲಿನ ಮಾಣಿ ಅವನ ಪಕ್ಕದಲ್ಲೇ ತೀರಾ ಬೇಗ, ಒಂಥರಾ ವಿಚಿತ್ರವಾಗಿ ಹಾದುಹೋದ. ಅಷ್ಟೇ. ವಿಷ ಹಾಕಿದರು, ಪೊಲೀಸರು ಬೆನ್ನು ಹತ್ತಿದ್ದಾರೆ ಅನ್ನುವ ಕಥೆ ಇನ್ನೂ ಹುಟ್ಟಿಲ್ಲ. ಏನೋ ನಡೆಯುತ್ತಿದೆ, ಏನು ಅಂತ ಗೊತ್ತಿಲ್ಲ.

ಇನ್ನೊಂದು, ಧ್ವನಿಯ ವಿಷಯ. ‘ಮಾತು ಕೇಳಿಸುತ್ತದೆ’ ಅಂತ ಫೈಲಿನಲ್ಲಿ ಒಂದು ಸಾಲು ಗೀಚಿ ಮುಗಿಸುವುದು ಸುಲಭ, ಅಲ್ವಾ? ಹೊರಗಿನಿಂದ ಕೇಳಿಸುತ್ತಾ, ತಲೆಯೊಳಗೇನಾ? ಯಾಸ್ಪರ್ಸ್ ಲೆಕ್ಕದಲ್ಲಿ ಇವೆರಡೂ ಬೇರೆ. ಮಾತಾಡುವುದು ಊರಮ್ಮನೋ, ತೀರಿಕೊಂಡ ಅತ್ತೆಯೋ ಅನ್ನುವುದು ಮತ್ತೊಂದೇ ಪ್ರಶ್ನೆ. ಈಗ ನಾನು ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇನೆ. ಹೀಗೆ ಕೇಳಿದಾಗ ಒಬ್ಬರು, “ಕಿವಿಗೇನೂ ಕೇಳಲ್ಲ ಮೇಡಂ, ಒಳಗೇ ಮಾತು ಬರುತ್ತೆ, ಅದು ನಂದಲ್ಲ” ಅಂದರು. ಪಕ್ಕದಲ್ಲಿ ಕೂತಿದ್ದ ಗಂಡನಿಗೂ ಅದು ಹೊಸ ಸುದ್ದಿ.

ನನ್ನ ತಕರಾರು ಒಂದಿದೆ. ಸ್ಕಿಜೋಫ್ರೇನಿಯಾದ ಮೂಲ ಭ್ರಮೆಗಳು (ಬೇರೆ ಅನುಭವದಿಂದ ಹುಟ್ಟದೆ ನೇರವಾಗಿ ಬರುವಂಥವು) ನಮಗೆ ಅರ್ಥವಾಗುವಂಥವೇ ಅಲ್ಲ ಅಂತ ಗೆರೆ ಎಳೆದುಬಿಡುತ್ತಾರೆ. ಅಷ್ಟು ಬೇಗ ಕೈಚೆಲ್ಲಬೇಕಿತ್ತಾ? ಡೆನ್ಮಾರ್ಕಿನ ಮನೋವೈದ್ಯ ಯೋಸೆಫ್ ಪಾರ್ನಾಸ್ ಮತ್ತು ಸಂಗಡಿಗರು 2005ರಲ್ಲಿ ತಂದ ‘ಈಸ್’ (EASE) ಎಂಬ, ರೋಗಿಗೆ ಕೇಳುವ ಪ್ರಶ್ನೆಗಳ ಸಂದರ್ಶನ ಪಟ್ಟಿ, ‘ನಾನು’ ಅನ್ನುವ ಭಾವವೇ ಸಡಿಲವಾಗುವುದರ ಬಗ್ಗೆ ಬಿಡಿಸಿ ಬಿಡಿಸಿ ಕೇಳುತ್ತದೆ. ಆ ದಾರಿ ನನಗೆ ಜಾಸ್ತಿ ಇಷ್ಟ.

ಎರಡನೇ ಸಂಪುಟ ಕೊನೆಕೊನೆಗೆ ಪೂರ್ತಿ ತತ್ವಶಾಸ್ತ್ರ. ಪುಟ ಹಾರಿಸಿದರೂ ನಷ್ಟವಿಲ್ಲ.

ಮನೆಯವರಿಗೆ ಹುಷಾರಿಲ್ಲ ಅಂತ ಇದನ್ನು ಕೊಳ್ಳಬೇಡಿ, ಈಗಿನ ಚಿಕಿತ್ಸೆ ಬಗ್ಗೆ ಏನೂ ಸಿಗುವುದಿಲ್ಲ. ಪಿಜಿ ಓದುವವರು ಮೊದಲು, ರೋಗಿಯ ಅನುಭವವನ್ನು ಅಧ್ಯಯನ ಮಾಡುವ ಬಗೆಯ ಕುರಿತು ಯಾಸ್ಪರ್ಸ್ ಬರೆದ 1912ರ ಪುಟ್ಟ ಲೇಖನ ಹುಡುಕಿ. 1968ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ ಅದನ್ನು ಇಂಗ್ಲಿಷಿನಲ್ಲಿ ಹಾಕಿದೆ. ಹಿಡಿಸಿದರೆ ಮೊದಲ ಸಂಪುಟ ಮಾತ್ರ ತರಿಸಿ.